ಮೂವತ್ತೆಂಟು ಕಿಲೋದ ಎಂಜಿನ್ನು

1986ರಲ್ಲಿ ಬೆಟಗೇರಿಯ ಅಂಬವ್ವನ ಮಗ್ಗದ ಮನೆಯಲ್ಲಿ ವಿಮಾನವೊಂದು ನಿಂತಿತ್ತು. ಎಲ್ಲ ಇತ್ತು, ಎಂಜಿನ್ನೊಂದೇ ಇರಲಿಲ್ಲ. ಅದರ ಬಿಡಿಭಾಗಗಳ ಪೆಟ್ಟಿಗೆಯನ್ನು ಮುಂಬಯಿಯಿಂದ ತರಿಸಿದವರು ಗದಗಿನ ವಿಜ್ಞಾನದ ಮಾಸ್ತರ ರಾಮಚಂದ್ರರಾಯರು. ಮೂವತ್ತು ಅಡಿ ರೆಕ್ಕೆ ಹಿಡಿಸುವ ಸೂರು ಅವರ ಮನೆಯಲ್ಲೆಲ್ಲಿ ಬರಬೇಕು? ಅಂಬವ್ವ ಮೂರು ಮಗ್ಗದಲ್ಲಿ ಎರಡನ್ನು ಬಿಚ್ಚಿ ಜಾಗ ಕೊಟ್ಟಳು. ಪೆಟ್ಟಿಗೆಯೊಳಗಿನ ಬಟ್ಟೆಯನ್ನು ಇಲಿಗಳು ಕಡಿದು ಚಿಂದಿ ಮಾಡಿದ್ದವು. ಉಳಿದೊಂದು ಮಗ್ಗದಲ್ಲಿ ಹೊಸದನ್ನು ನೇಯ್ದಳು, ತಾನೇ ಹೊಲಿದಳು. ಮಾಸ್ತರರು ಇಂಗ್ಲಿಷ್ ಪುಸ್ತಕ ಓದಿ ಕನ್ನಡದಲ್ಲಿ ಹೇಳಿದ್ದನ್ನೆಲ್ಲ ಬಾಯಿಪಾಠ ಮಾಡಿದಳು. ಹೀಗೆ ಎರಡು ವರ್ಷ ದುಡಿದ ಮೇಲೂ, ಯಾರಾದರೂ ನೋಡಲು ಬಂದರೆ ಮಾಸ್ತರರು "ನನ್ನ ವಿಮಾನ" ಎನ್ನುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ಅವಳಿಗೆ ಮೈ ಉರಿಯುತ್ತಿತ್ತು.

ದೀಪಾವಳಿ ಮುಗಿದ ವಾರ ಗ್ಯಾರೇಜಿನ ಮರ್ದಾನಸಾಬ ಎರಡು ಎಂಜಿನ್ನುಗಳನ್ನು ಕೈಗಾಡಿಯಲ್ಲಿ ತಂದು ಇಳಿಸಿದ.

"ಇದು ಕಾರಿಂದು, ಎಪ್ಪತ್ತೆರಡು ಕಿಲೋ. ಇದು ಮೋಟರ್‌ಸೈಕಲ್ಲಂದು, ಮೂವತ್ತೆಂಟು. ಯಾವದು ಬೇಕು ಹೇಳ್ರಿ, ಕೂಡ್ರಸೂದು ನನಗ ಬಿಡ್ರಿ."

ಮಾಸ್ತರರು ಕಾರಿನ ಎಂಜಿನ್ನನ್ನು ಎತ್ತಿನ ಬೆನ್ನು ತಟ್ಟಿದಂತೆ ತಟ್ಟಿದರು. "ಇದ ಇರ್ಲಿ. ಗಂಡು ಎಂಜಿನ್ನು. ಚೌಕಟ್ಟಿಗೆ ನಾಕು ಪೈಪು ಹೆಚ್ಚಿಗಿ ಹಾಕಿದ್ರಾತು."

"ಪೈಪು ಹಾಕಿದ್ರ ಭಾರ ಆಗ್ತೈತಿ. ಭಾರ ಆದ್ರ ಇನ್ನೂ ದೊಡ್ಡ ಎಂಜಿನ್ ಕೇಳ್ತೈತಿ. ಮುಂದ ಲಾರೀದು ತರ್ತೀರೇನ್ರಿ?" ಅಂದಳು ಅಂಬವ್ವ.

ಮರ್ದಾನಸಾಬ ನಕ್ಕ. ಮಾಸ್ತರರು ನಗಲಿಲ್ಲ. "ಸಣ್ಣದು ನನ್ನ ಎತ್ತೂದಿಲ್ಲವಾ. ನಾ ಎಂಬತ್ತು ಕಿಲೋ ಇದ್ದೀನಿ."

"ನಾ ನಲವತ್ತೊಂದು ಅದೀನ್ರಿ."

ಎಂಜಿನ್ ಆರಿಸುವುದೆಂದರೆ ಹಾರುವವರನ್ನು ಆರಿಸುವುದು ಎಂಬುದು ಮಾಸ್ತರರ ತಲೆಗೆ ಹೊಳೆದದ್ದು ಆಗ. ಅಂಬವ್ವ ಆ ಲೆಕ್ಕವನ್ನು ವರ್ಷದ ಹಿಂದೆಯೇ ಹಾಕಿಟ್ಟಿದ್ದಳು.

"ಹೆಣ್ಣಮಗಳು ಮ್ಯಾಲೆ ಹೋಗಿ ಏನರ ಆದ್ರ, ಊರಿಗೆ ಏನ್ ಮಾರಿ ತೋರಸ್ಲಿ ನಾ?"

"ನಿಮಗ ಏನರ ಆದ್ರ ನಿಮ್ಮ ಮನಿಯವರಿಗೆ, ಸುಂದರಾಬಾಯಾರಿಗೆ, ನಾ ಏನ್ ಮಾರಿ ತೋರಸ್ಲಿ? ಜಾಗ ನಂದು, ಅರಿವಿ ನಂದು, ಹೊಲಿಗಿ ನಂದು. ಎಂಜಿನ್ನೂ ನಾನ ಆರಸ್ತೀನಿ."

ಕಡೆಗೆ ಮಾಸ್ತರರು ಒಂದು ಕರಾರು ಹಾಕಿದರು. ಸಣ್ಣ ಎಂಜಿನ್ನಿಗೆ ಒಂದೇ ಒಂದು ಅವಕಾಶ. ವಿಮಾನ ಏಳದಿದ್ದರೆ ಕಾರಿನ ಎಂಜಿನ್ನು, ಹಾರುವವರು ಮಾಸ್ತರರು. ಅಂಬವ್ವ "ಆತು" ಅಂದುಬಿಟ್ಟಳು.

ಸಣ್ಣ ಎಂಜಿನ್ನು ಕೂಡಿಸಿಕೊಂಡು, ತಿಂಗಳೊಪ್ಪತ್ತು ಕಳಸಾಪುರದ ದನ ಮೇಯುವ ಗಾಯರಾಣದಲ್ಲಿ ಬಿಸಿಲ ಹೊತ್ತು ವಿಮಾನವನ್ನು ನೆಲದ ಮೇಲೆಯೇ ಓಡಿಸಿ ಕೈ ಕುದುರಿಸಿಕೊಂಡಳು. ಬೆಳಗಿನ ಹೊತ್ತು ಗಾಳಿ ಕಡಿಮೆಯೆಂದು ಹಾರುವುದಕ್ಕೆ ಪುಷ್ಯಮಾಸದ ಒಂದು ಬೆಳಗನ್ನು ಗೊತ್ತುಮಾಡಿ, ಹಿಂದಿನ ಸಂಜೆಯೇ ವಿಮಾನವನ್ನು ತಂದು ಬಯಲಲ್ಲಿ ನಿಲ್ಲಿಸಿದ್ದರು. ಅರ್ಧ ಬೆಟಗೇರಿಯೇ ಬಂದು ನೆರೆದಿತ್ತು. ಅಂಬವ್ವ ಸೀರೆಯ ಕಚ್ಚೆ ಬಿಗಿದು ಕೂತಳು. ಎಂಜಿನ್ ಚೀರಿತು, ವಿಮಾನ ಓಡಿತು, ಓಡುತ್ತಲೇ ಇತ್ತು. ಎದುರಿಗೆ ಜಾಲಿಗಿಡಗಳು ಬಂದವು, ಗಾಲಿ ಮಾತ್ರ ನೆಲ ಬಿಡಲಿಲ್ಲ. ವಿಧಿಯಿಲ್ಲದೆ ಎಂಜಿನ್ ಬಂದ್ ಮಾಡಿದಳು.

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. "ನಾ ಹೇಳಿರ್ಲಿಲ್ಲೇನು? ಮರ್ದಾನಸಾಬ, ಕಾರಿಂದು ತಾ," ಎಂದರು ಮಾಸ್ತರರು.

ಅಂಬವ್ವ ಇಳಿದು ರೆಕ್ಕೆಯ ಮೇಲೆ ಅಂಗೈ ಇಟ್ಟಳು. ನಿನ್ನೆ ಡೋಲಿನಂತೆ ಬಿಗಿಯಾಗಿದ್ದ ಬಟ್ಟೆ ಜೋತುಬಿದ್ದಿತ್ತು, ಬೆರಳಿಗೆ ಅಂಟುತ್ತಿತ್ತು. ಪುಸ್ತಕ ವಾರ್ನಿಷ್ ಬಳಿಯಲು ಹೇಳಿತ್ತು. ಅವಳು ಯಾರಿಗೂ ಹೇಳದೆ ಮೂರು ಕೈ ಗಂಜಿ ಹಾಕಿದ್ದಳು. ನೇಕಾರರ ಮನೆಯಿಂದ ಗಂಜಿಯಿಲ್ಲದ ಬಟ್ಟೆ ಹೊರಬೀಳುವುದುಂಟೇ? ಆ ಗಂಜಿಯೆಲ್ಲ ರಾತ್ರಿಯಿಡೀ ಇಬ್ಬನಿ ಕುಡಿದಿತ್ತು.

"ತಪ್ಪು ನಂದ್ರಿ. ಗಂಜಿ ಹಾಕಿದ್ದೆ, ನೀರು ಕುಡದು ಭಾರ ಆಗೇತಿ. ಎಂಜಿನ್ನಿಂದೇನೂ ತಪ್ಪಿಲ್ಲ."

"ಒಂದ ಸಲ ಅಂತ ಕರಾರಾಗಿತ್ತು."

"ಖರೆ, ಆಗಿತ್ತು," ಎಂದಳು. ಸೊಂಟದಿಂದ ಕತ್ತರಿ ತೆಗೆದಳು. ಎಲ್ಲರೂ ನೋಡುತ್ತಿದ್ದಂತೆಯೇ ರೆಕ್ಕೆಯ ಹೊಲಿಗೆಯನ್ನು ಈ ತುದಿಯಿಂದ ಆ ತುದಿಯವರೆಗೆ ಸೀಳುತ್ತ ಹೋದಳು. "ಅರಿವಿ ನಂದು, ನಾ ಒಯ್ತೀನಿ. ಬರೇ ಎಲುವಿಗೆ ಯಾವ ಎಂಜಿನ್ ಬೇಕೋ ಕಟ್ಟಿ ಹಾರಸ್ರಿ."

ಅಂಬವ್ವ ಮಾತಿಗೆ ತಪ್ಪಿದಳು ಎಂದು ಬೆಟಗೇರಿಯಲ್ಲಿ ಈಗಲೂ ಕೆಲವರು ಅನ್ನುತ್ತಾರೆ. ತಪ್ಪಿದಳು, ಯಾರು ಇಲ್ಲವೆಂದರು? ಎರಡು ವರ್ಷದ ದುಡಿಮೆಯನ್ನು ಒಂದು ಬೆಳಗಿನ ಇಬ್ಬನಿಗೆ ಬಿಟ್ಟುಕೊಡುವ ಹೆಂಗಸು ಅವಳಾಗಿರಲಿಲ್ಲ.

ಬಟ್ಟೆಯನ್ನು ಸುಡುನೀರಿನಲ್ಲಿ ಮೂರು ಸಲ ತೊಳೆದಳು. ಬೋಳು ಚೌಕಟ್ಟನ್ನು ಮರ್ದಾನಸಾಬ ಎಳೆದು ತಂದು ಅವಳ ಅಂಗಳದಲ್ಲೇ ಬಿಟ್ಟ. ಮೂರನೆಯ ದಿನ ಮಾಸ್ತರರು ವಾರ್ನಿಷ್ ಡಬ್ಬಿ ಹಿಡಿದು ಬಂದರು. ಅವಳು ಹೊಲಿದು ಮುಗಿಸಿದ ಕಡೆ ತಾವು ಬಳಿಯುತ್ತ ಹೋದರು. ಅವಳು ಚಹಾ ಮಾಡಿಕೊಟ್ಟಳು.

ಮಾಘದಲ್ಲಿ ಮತ್ತೆ ಅದೇ ಗಾಯರಾಣ, ಅದೇ ಸಣ್ಣ ಎಂಜಿನ್ನು. ಈ ಸಲ ಜನ ಕಡಿಮೆ. ಜಾಲಿಗಿಡಗಳು ಇನ್ನೂ ದೂರವಿರುವಾಗಲೇ ಗಾಲಿಯ ಗಡಗಡ ಸದ್ದು ನಿಂತುಹೋಯಿತು. ನೆಲ ಕೆಳಗೆ ಉಳಿಯಿತು, ಖುಷಿಗೆ ಅಂಬವ್ವನ ಕಣ್ಣಲ್ಲಿ ನೀರು ಬಂತು. ಕಳಸಾಪುರದ ಮಾಳಿಗೆಗಳ ಮೇಲೆ ಒಣಹಾಕಿದ ಕೆಂಪು ಮೆಣಸಿನಕಾಯಿ ಕಂಡಿತು. ಒಂದು ಸುತ್ತು ಹಾಕಿ, ಎರಡು ಸಲ ಪುಟಿದು, ಇಳಿದಳು.

ಮಾಸ್ತರರು ಧೋತರ ಎತ್ತಿ ಹಿಡಿದು ಓಡಿ ಬಂದರು. ಮುಖ ಮಗುವಿನಂತಾಗಿತ್ತು. "ಅಂಬವ್ವಾ, ನಿನ್ನ ವಿಮಾನದಾಗ ನಾನೂ ಒಮ್ಮೆ ಕೂಡ್ಲೇನು?"

"ಮೂವತ್ತು ಕಿಲೋ ಇಳಿಸಿ ಬರ್ರಿ, ಕೂಡ್ರಸ್ತೀನಿ," ಎಂದಳು ಅಂಬವ್ವ. ಮರ್ದಾನಸಾಬನಿಗೆ ಎಂಜಿನ್ನಿನ ಪಂಖ ತಿರುಗಿಸಲು ಸನ್ನೆ ಮಾಡಿ, ವಿಮಾನವನ್ನು ಮತ್ತೆ ಗಾಳಿಗೆ ಎದುರು ಮಾಡಿದಳು.