ಹಗ್ಗದ ಆ ತುದಿ

ಬಂಡೆ ಇಷ್ಟು ತಣ್ಣಗಿರುತ್ತದೆಂದು ಯಾರೂ ಹೇಳಿರಲಿಲ್ಲ, ಕೆನ್ನೆಗೆ ತಾಗಿದರೆ ಹಿತವಾಗಿಯೇ ಇದೆ, ಆದರೆ ಮರದ ಹಾಗಲ್ಲ ಇದು, ಮರಕ್ಕೆ ಎಳೆಯಿರುತ್ತದೆ, ಎಳೆ ಹಿಡಿದು ಹೋದರೆ ಉಳಿ ತಾನಾಗಿ ದಾರಿ ಕಂಡುಕೊಳ್ಳುತ್ತದೆ, ಮೂವತ್ತೈದು ವರ್ಷ ಬಡಗಿ ಕೆಲಸ ಮಾಡಿದ ಈ ಬೆರಳುಗಳಿಗೆ ಕಲ್ಲು ಮಾತ್ರ ಏನನ್ನೂ ಹೇಳುತ್ತಿಲ್ಲ — ಕೆಳಗೆ ನೋಡಬೇಡಿ ಎಂದಿದ್ದಳು ಹಗ್ಗ ಹಿಡಿದವಳು, ಅವನು ನೋಡಿಯೇಬಿಟ್ಟ, ನಾಲ್ಕಾಳುದ್ದ ಕೆಳಗೆ ಶಿಬಿರದ ಹಳದಿ ಡೇರೆಗಳು, ಯಾರೋ ಒಣಹಾಕಿದ ಕಾಲುಚೀಲ, ಹಗ್ಗದ ಆ ತುದಿಯಲ್ಲಿ ತಲೆಯೆತ್ತಿ ನಿಂತ ಮಗಳು. ಮಗಳಲ್ಲ, ಇಲ್ಲಿ ಅವಳು ಹೊಸಬರಿಗೆ ಬಂಡೆ ಹತ್ತಲು ಕಲಿಸುವ ಮೇಡಂ. ನಿನ್ನೆ ಬಸ್ಸಿಳಿದು ಹನ್ನೊಂದು ಜನರ ಸಾಲಿನಲ್ಲಿ ಅವನೂ ನಿಂತದ್ದನ್ನು ಕಂಡು ಅವಳ ಮುಖ ಬಿಳಿಚಿತು, ಆದರೆ ಅಪ್ಪ ಎನ್ನಲಿಲ್ಲ, ಪಟ್ಟಿಯಲ್ಲಿ ಗುರುತು ಹಾಕಿಕೊಂಡು, ವಯಸ್ಸು ಐವತ್ತೆಂಟಾ, ಮಂಡಿ ನೋವು ಇದೆಯಾ ನಿಮಗೆ, ಆಯ್ತು, ಮುಂದಿನವರು ಬನ್ನಿ — ಮಂಡಿ ನೋವಂತೆ, ಆ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದವಳೇ ಅವಳು.

ಮಗಳು ಮಾತು ಬಿಟ್ಟು ವರ್ಷವಾಯಿತು. ಆಸ್ಪತ್ರೆಯ ಉದ್ದನೆಯ ಮೊಗಸಾಲೆ, ಗಾಜಿನ ಬಾಗಿಲಾಚೆ ಹೆಂಡತಿ, ಬಾಯಿಗೆ ಕೊಳವೆ, ಉಸಿರೆಲ್ಲ ಯಂತ್ರದ್ದು, ಡಾಕ್ಟರು ಕನ್ನಡಕ ಒರೆಸುತ್ತಾ, ಇನ್ನೇನೂ ಉಳಿದಿಲ್ಲ ಯಜಮಾನ್ರೇ, ನಿಲ್ಲಿಸೋದು ನಿಮಗೆ ಬಿಟ್ಟಿದ್ದು — ಮಗಳು ಎಲ್ಲೋ ಹಿಮದ ಬೆಟ್ಟದ ಮೇಲೆ, ಕರಕರ ಎನ್ನುವ ಫೋನಿನಲ್ಲಿ, ಒಂದೇ ಒಂದು ದಿನ ಕಾಯಪ್ಪ, ಇಳೀತಾ ಇದ್ದೀನಿ, ನಾಳೆ ಬಂದ್ಬಿಡ್ತೀನಿ. ಅವನು ಕಾಯಲಿಲ್ಲ. ಸಹಿ ಹಾಕಿದ. ಮರುದಿನ ಬೆನ್ನಿನ ಚೀಲ ಇಳಿಸದೆಯೇ ಹೊಸ್ತಿಲಲ್ಲಿ ನಿಂತು ಕೇಳಿದಳು, ಅಮ್ಮನ್ನ ಕೈಬಿಟ್ಯಲ್ಲಪ್ಪ, ಒಂದು ದಿನ ಕಾದಿದ್ರೆ ನಿನ್ನ ಗಂಟೇನು ಹೋಗ್ತಿತ್ತು, ಅವನು ಬಾಯಿ ಬಿಡಲಿಲ್ಲ, ಬಿಟ್ಟಿದ್ದರೆ ಹೇಳಬೇಕಾಗುತ್ತಿತ್ತು, ಕೊಳವೆ ಹಾಕುವ ಮುಂಚೆ ಹೆಂಡತಿ ಅವನ ಅಂಗಿಯ ತೋಳು ಎಳೆದು ಅಂದದ್ದನ್ನು — ಮಗು ಬರೋದ್ರೊಳಗೆ ಎಲ್ಲಾ ಮುಗಿಸ್ಬಿಡಿ, ಈ ಮುಖ ಅದು ನೋಡೋದು ಬೇಡ, ನಾನು ಹೇಳ್ದೆ ಅಂತ ಮಾತ್ರ ಅನ್ಬೇಡಿ, ಅಮ್ಮನಿಗೇ ನಾನು ಬೇಡವಾದ್ನಾ ಅಂತ ಜೀವಮಾನ ಎಲ್ಲಾ ಕೊರಗುತ್ತೆ. ಹೆಂಡತಿಯ ಮಾತು ಉಳಿಸಿಕೊಂಡ, ಮಗಳ ಮಾತು ನಿಂತುಹೋಯಿತು, ಹನ್ನೆರಡು ತಿಂಗಳು ಫೋನು ಎತ್ತದವಳನ್ನು ನೋಡಲು ಈ ಶಿಬಿರಕ್ಕೆ ಹೆಸರು ಕೊಡುವುದೊಂದೇ ದಾರಿಯಾಗಿ ಉಳಿಯಿತು.

ಬಡಗಿ ಅಂಕಲ್, ಬಂಡೆಗೆ ಮೊಳೆ ಗಿಳೆ ಹೊಡೆದೀರಾ ಮತ್ತೆ, ಕೆಳಗಿನಿಂದ ಶಿಬಿರಕ್ಕೆ ಬಂದಿದ್ದ ಬ್ಯಾಂಕಿನ ಹೆಂಗಸೊಬ್ಬಳ ಕೂಗು, ಎಲ್ಲರೂ ನಗುತ್ತಿದ್ದಾರೆ, ಅವನೂ ನಗಬೇಕೆಂದುಕೊಂಡ, ಅಷ್ಟರಲ್ಲಿ ಎಡಗಾಲು ಹೊಲಿಗೆ ಯಂತ್ರದ ಹಾಗೆ ತಟತಟ ಕುಣಿಯತೊಡಗಿತು, ಮೇಲಕ್ಕೆ ಹಿಡಿಯಲು ಏನೂ ಇಲ್ಲ, ಕೆಳಗಿದ್ದ ಮೆಟ್ಟು ಕಾಲಿಗೆ ಸಿಗುತ್ತಿಲ್ಲ, ಸಾಕು, ಇಳಿಸ್ತೀನಿ, ಕೈ ಬಿಡಿ ಎಂದಳು ಮಗಳು. ಕೈ ಬಿಡಿ. ಬೆರಳು ಬಿಚ್ಚುತ್ತಿಲ್ಲ, ಬಿಡು ಎಂದರೆ ಬಿಡುವುದಕ್ಕೆ ಇದೇನು ಉಳಿಯಾ, ಬಾಚಿಯಾ, ಒಮ್ಮೆ ಬಿಟ್ಟು ನೋಡಿದ್ದೇನಲ್ಲ, ಯಂತ್ರ ನಿಂತ ಮೇಲೆ ಆ ಕೋಣೆ ಎಷ್ಟು ಸದ್ದಿಲ್ಲದಾಯಿತು — ಮೊಣಕೈ ಉರಿಯುತ್ತಿದೆ, ಕಣ್ಣಿಗೆ ಬೆವರು. ನಗುವೂ ನಿಂತಿದೆ. ಆಗ ಕೆಳಗಿನಿಂದ ಮಗಳದೇ, ಆದರೆ ಬೇರೆಯದೇ ದನಿ, ಕೈ ಬಿಡಪ್ಪ, ನಾನು ಹಿಡ್ಕೊಂಡಿದ್ದೀನಿ.

ಬಿಟ್ಟ. ಒಂದು ಗೇಣು ಕುಸಿದು ಸೊಂಟದ ಪಟ್ಟಿ ತಡೆಯಿತು, ಆಕಾಶ ವಾಲಿತು, ಆಮೇಲೆ ಮೆಲ್ಲಗೆ, ತೊಟ್ಟಿಲು ಇಳಿಸಿದ ಹಾಗೆ, ಅವಳು ಇಳಿಸಿದಳು. ಕಾಲಿಗೆ ನೆಲ ಸಿಕ್ಕಿತು. ಉಳಿದವರು ನೀರಿನ ಬಾಟಲಿಗಳತ್ತ ಹೋದರು. ಅವಳು ಮಾತ್ರ ಹಗ್ಗ ಸಡಿಲಿಸಲಿಲ್ಲ, ಹತ್ತಿರ ಬಂದಳು, ಅವನ ಮುಖ ನೋಡದೆ ಸಣ್ಣಗೆ ಕೇಳಿದಳು, ನಿಜ ಹೇಳಪ್ಪ, ಅಮ್ಮ ನನ್ನನ್ನ ಕೇಳಿದ್ಲಾ? ಈಗ ಹೇಳಿಬಿಡಬಹುದು, ಒಂದೇ ವಾಕ್ಯ, ಹೇಳಿದರೆ ಅವನ ಭಾರವೆಲ್ಲ ಇಳಿದುಹೋಗುತ್ತದೆ, ಇಳಿದು ಎಲ್ಲಿಗೆ ಹೋಗುತ್ತದೆ, ಅವಳ ಮೇಲೆ ತಾನೇ — ಕೇಳಿದ್ಲು ಮಗಳೇ, ಕೊನೇವರೆಗೂ ಬಾಗಿಲ ಕಡೇನೇ ನೋಡ್ತಿದ್ಲು, ನಾನೇ ಕಾಯ್ಲಿಲ್ಲ, ಎಂದ. ಅವಳು ತಲೆಯಾಡಿಸಿದಳು, ತನಗೆ ಗೊತ್ತಿದ್ದದ್ದೇ ಎನ್ನುವ ಹಾಗೆ, ತುಟಿ ಕಚ್ಚಿ, ಒಂದು ಹೆಜ್ಜೆ ಹಿಂದಕ್ಕೆ ಸರಿದಳು, ಹಗ್ಗ ಹಿಡಿದಿದ್ದ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು, ಅಂಗೈಗೆ ಅಡ್ಡಲಾಗಿ ಅವನ ಭಾರದ ಗುರುತು, ಕೆಂಪು ಗೆರೆ, ಅವನು ಅದನ್ನೇ ನೋಡುತ್ತಿದ್ದ, ಆ ಗೆರೆ, ಅಂಗೈಯ ಆ ಕೆಂಪು ಗೆರೆ —