ಹಳೇ ಜೀಪ್ನಿಯ ಬಣ್ಣದ ಪುಡಿ

ಎರಡು ವರ್ಷದ ಇಸಾಯ್ ಕೆಲವು ವಾರಗಳಿಂದ ಮಂಕಾಗಿದ್ದಳು. ಶುಂಠಿ ಹಾಕಿದ ಗಂಜಿ ಎಂದರೆ ಬಾಯಿಬಿಡುತ್ತಿದ್ದ ಮಗು ಈಗ ಬಟ್ಟಲು ಕಂಡರೆ ಮುಖ ತಿರುಗಿಸುತ್ತಿತ್ತು. ಹೊಟ್ಟೆ ಹಿಡಿದುಕೊಂಡು ಅಳುತ್ತಿತ್ತು. ತಾಯಿ ನೆನಿತಾ ಜಂತುಹುಳದ ಔಷಧ ಕೊಟ್ಟು ನೋಡಿದಳು. ಏನೂ ಗುಣ ಕಾಣಲಿಲ್ಲ.

ಕಿಟಕಿಯಾಚೆ, ಮನೆಗೆ ತಾಗಿದಂತೆ, ಅವಳ ಮಾವ ಪೊಲ್ಡೊನ ಜೀಪ್ನಿ ನಿಂತಿತ್ತು. ಅವನ ಅಪ್ಪ ಊರಿನವರನ್ನೆಲ್ಲ ಇಲೊಯಿಲೊ ಪೇಟೆಗೆ ಕರೆದೊಯ್ಯುತ್ತಿದ್ದ, ಜೀಪನ್ನೇ ಉದ್ದ ಮಾಡಿದಂಥ ಬಾಡಿಗೆ ಗಾಡಿ ಅದು. ಬಣ್ಣದ ಮೇಲೆ ಬಣ್ಣ ಬಳಿದು ದಪ್ಪಗಾಗಿ, ಒಳಗೊಳಗೇ ತುಕ್ಕು ಹಿಡಿದಿತ್ತು. ಅದಕ್ಕೆ ಹೊಸ ಬಣ್ಣ ಹೊಡೆಯಬೇಕೆಂದು ಪೊಲ್ಡೊ ಕೈಯಲ್ಲಿ ಹಿಡಿಯುವ ಕರೆಂಟಿನ ಗ್ರೈಂಡರಿಗೆ ತಂತಿ ಬ್ರಷ್ ಸಿಕ್ಕಿಸಿ ದಿನವೂ ಉಜ್ಜುತ್ತಿದ್ದ. ಮೂಗಿಗೆ ಒಂದು ಕರವಸ್ತ್ರ, ಅಷ್ಟೇ.

ಆರೋಗ್ಯ ಕಾರ್ಯಕರ್ತೆ ವಿಲ್ಮಾ ಮಗುವನ್ನು ನೋಡಲು ಬಂದವಳು ಅಂಗಳದಲ್ಲೇ ನಿಂತಳು.

"ಪೊಲ್ಡಣ್ಣ, ಸ್ವಲ್ಪ ನಿಲ್ಸು. ಹಳೇ ಬಣ್ಣದಲ್ಲಿ ಸೀಸ ಇರುತ್ತೆ. ಆ ಪುಡಿ ಮಕ್ಕಳಿಗೆ ವಿಷ."

"ನಮ್ಮಪ್ಪ ಜೀವಮಾನವೆಲ್ಲ ಇದನ್ನೇ ಕೆರೆದ್ರು. ಎಂಬತ್ತು ದಾಟಿದ್ರು! ನಿನಗೆ ಎಲ್ಲದರಲ್ಲೂ ರೋಗಾನೇ ಕಾಣುತ್ತೆ ಬಿಡು."

ವಿಲ್ಮಾ ವಾದಕ್ಕೆ ಇಳಿಯಲಿಲ್ಲ. ಒಳಗೆ ಹೋಗಿ, ಒದ್ದೆ ಬಟ್ಟೆ ತೆಗೆದುಕೊಂಡು ಇಸಾಯ್ ಮಲಗುವ ಚಾಪೆಯ ಮೇಲೆ ಎಳೆದಳು. ಬಟ್ಟೆಗೆ ಕೆಂಪು-ನೀಲಿ ಪುಡಿ ಅಂಟಿತು. ಜೀಪ್ನಿಯದೇ ಬಣ್ಣ. ಅದನ್ನು ಕಿಟಕಿಯಿಂದಲೇ ಪೊಲ್ಡೊಗೆ ತೋರಿಸಿದಳು.

"ಅಯ್ಯೋ ಅಕ್ಕಾ, ಇವಳು ಬೆರಳು ಚೀಪ್ತಾನೇ ಇರ್ತಾಳೆ," ಎಂದು ನೆನಿತಾ ಮಗುವನ್ನು ಎತ್ತಿಕೊಂಡು ಕೈ ತೊಳೆಸಲು ಓಡಿದಳು. ಪೊಲ್ಡೊ ಗ್ರೈಂಡರಿನ ವೈರು ಕಿತ್ತ.

ಮರುದಿನವೇ ಪೇಟೆಯ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯಾಯಿತು. ಸೀಸ ಹೆಚ್ಚಾಗಿಯೇ ಇತ್ತು. "ಮೊದಲು ಆ ಧೂಳು ನಿಲ್ಲಬೇಕು, ಮಗುವನ್ನ ಆಗಾಗ ಕರ್ಕೊಂಡು ಬರ್ತಿರಿ," ಎಂದರು ವೈದ್ಯರು.

ಪೊಲ್ಡೊ ಅಂದು ಊಟ ಮಾಡಲಿಲ್ಲ. "ನನ್ನ ಕೈಯಾರೆ ಮೊಮ್ಮಗಳಿಗೆ ವಿಷ ಹಾಕ್ದೆನಲ್ಲಮ್ಮ. ಗಾಡೀನ ಗುಜರಿಗೆ ಹಾಕ್ತೀನಿ."

"ಬೇಕೂಂತ ಮಾಡಿದ್ರಾ ಮಾವ?" ನೆನಿತಾ ತಟ್ಟೆ ಅವನ ಮುಂದಕ್ಕೆ ಸರಿಸಿದಳು. "ಅವಳನ್ನ ಆ ಜೀಪ್ನೀಲಿ ಕೂರಿಸ್ಕೊಂಡು ಹೋಗ್ಬೇಕೂಂತ ತಾನೇ ಇಷ್ಟೆಲ್ಲ ಮಾಡಿದ್ದು? ಊಟ ಮಾಡಿ."

ಪರೀಕ್ಷೆ ಏನಾಯಿತೆಂದು ಕೇಳಲು ಬಂದಿದ್ದ ವಿಲ್ಮಾ ಅಂದಳು, "ಅರ್ಧ ಕೆರೆದ ಗಾಡಿ ಗುಜರಿಗೆ ಹೋದ್ರೆ ಅಲ್ಲಿಯ ಮಕ್ಕಳಿಗೆ ಅದೇ ಪುಡಿ. ಸರಿಯಾಗಿ ಮಾಡಿದ್ರೆ ಆಯ್ತಲ್ಲ, ಅಣ್ಣ."

ಮೊದಲು ಮನೆಯನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿದರು, ಪೊರಕೆ ಮುಟ್ಟಲಿಲ್ಲ. ಜೀಪ್ನಿಯನ್ನು ಮನೆಗಳಿಂದ ದೂರದ ಬಯಲಿಗೆ ತಳ್ಳಿ, ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಸಿದರು. ಪೊಲ್ಡೊ ಮುಖಕ್ಕೆ ಬಿಗಿಯಾಗಿ ಕೂರುವ, ವಿಷದ ಧೂಳು ತಡೆಯುವ ಮಾಸ್ಕ್ ಹಾಕಿದ. ಕಣ್ಣಿಗೆ ಕನ್ನಡಕ, ಕೈಗೆ ಗವಸು. ಬಣ್ಣವನ್ನು ನೀರಿನಿಂದ ನೆನೆಸಿ ನೆನೆಸಿ ಕೈಯಿಂದಲೇ ಕೆರೆದ.

ತುಕ್ಕು ಹಿಡಿಯದಿರಲೆಂದು ಗಾಡಿಯಡಿಗೆ ಬಳಿದಿದ್ದ ಟಾರಿನ ಲೇಪ ಜಪ್ಪಯ್ಯ ಅಂದರೂ ಬಿಡಲಿಲ್ಲ. "ಸ್ವಲ್ಪ ಬೆಂಕಿ ತೋರಿಸಿದ್ರೆ?" ಎಂದ.

"ಬೇಡವೇ ಬೇಡ. ಆ ಹೊಗೆ ಪುಡಿಗಿಂತ ಕೆಟ್ಟದ್ದು," ಎಂದಳು ವಿಲ್ಮಾ.

"ಆಯ್ತು ಮಹಾತಾಯಿ!"

ಕೆರೆದ ಚಕ್ಕೆಗಳನ್ನು ಚೀಲದಲ್ಲಿ ಕಟ್ಟಿ, ಅಪಾಯದ ಕಸ ಒಯ್ಯುವವರಿಗೆ ಒಪ್ಪಿಸಿದರು. ಪೊಲ್ಡೊ ಬಟ್ಟೆ ಬದಲಿಸಿ, ಸ್ನಾನ ಮಾಡಿಯೇ ಮನೆಯೊಳಗೆ ಕಾಲಿಡುತ್ತಿದ್ದ. ಕೆಲಸದ ಬಟ್ಟೆ ಬೇರೆಯೇ ಒಗೆತ.

ಇಸಾಯ್ ರಕ್ತದಲ್ಲಿ ಸೀಸ ನಿಧಾನವಾಗಿ ಇಳಿಯುತ್ತಿದೆ. ಪರೀಕ್ಷೆ ಇನ್ನೂ ಮುಗಿದಿಲ್ಲ. ಆದರೆ ಮೊನ್ನೆ ಅಜ್ಜನ ಹೆಗಲೇರಿ ಅವನ ಟೋಪಿ ಕಿತ್ತು, ಕೆಳಗಿಳಿದು ಓಡಿಹೋದಳು.

ನಿಮ್ಮ ಮನೆಯಲ್ಲೂ ಹಿರಿಯರ ಕಾಲದ ಕಾರೋ ಜೀಪೋ ಇರಬಹುದು. ಅದರ ಬಣ್ಣ ಒಣಗಿದ್ದಾಗ ಉಜ್ಜಬೇಡಿ, ಸುಡಬೇಡಿ. ಈಗಾಗಲೇ ಉಜ್ಜಿದ್ದರೆ ಹೆದರಿ ಸುಮ್ಮನಿರಬೇಡಿ. ಮಕ್ಕಳ, ಬಸುರಿಯರ ರಕ್ತ ಪರೀಕ್ಷೆ ಮಾಡಿಸಿ. ಇನ್ನು ಶುರುಮಾಡುವವರಿದ್ದರೆ, ಕೆರೆಯುವ ಮುನ್ನ ಮಕ್ಕಳು ಎಲ್ಲಿದ್ದಾರೆ ಎಂದು ಒಮ್ಮೆ ತಿರುಗಿ ನೋಡಿ.