ರೂಬಿನಾಳ ಬಾಯಲ್ಲಿ ನನ್ನ ಸಿಟ್ಟು

ನನ್ನ ಸಿಟ್ಟು ನವಲಗುಂದಕ್ಕೆಲ್ಲ ಗೊತ್ತು. ಇಲ್ಲಿನ ಸರಕಾರಿ ಶಾಲೆಯ ಐದನೇ ಇಯತ್ತೆಗೆ ಹತ್ತೊಂಬತ್ತು ವರ್ಷದಿಂದ ಕಲಿಸುತ್ತಿದ್ದೇನೆ, ಒದರಿ ಒದರಿಯೇ ಕಲಿಸಿದ್ದೇನೆ. ಶೈಲಾ ಅಕ್ಕಾರು ಬಂದರೆ ಓಣಿಯ ನಾಯಿಗಳೂ ಸಾಲಿನಲ್ಲಿ ನಿಲ್ಲುತ್ತವೆ ಎಂದು ಜನ ಆಡಿಕೊಳ್ಳುತ್ತಾರೆ.

ಈ ವರ್ಷ ಗಂಟಲು ಕೈಕೊಟ್ಟಿತು. ಒಂದು ತಿಂಗಳು ತುಟಿಪಿಟಕ್ಕೆನ್ನಬೇಡಿ ಎಂದರು ಹುಬ್ಬಳ್ಳಿಯ ಡಾಕ್ಟರು. ಮಾತಾಡದವರು ಪಾಠ ಮಾಡುವುದು ಹೇಗೆ ಎಂದರು ಮುಖ್ಯಗುರು ಕಾಶಿನಾಥ ಸರ್. ಸೋಮವಾರ ಇಲಾಖೆಯ ಸಾಹೇಬರು ಬಂದು ನೋಡುತ್ತಾರಂತೆ, ಸರಿ ಕಾಣದಿದ್ದರೆ ನನ್ನನ್ನು ಕಚೇರಿ ಕೆಲಸಕ್ಕೆ ಕಳಿಸುತ್ತಾರಂತೆ. ಮಕ್ಕಳಿಲ್ಲದ ಕಡೆ ಕುಳಿತು ಫೈಲು ಜೋಡಿಸುವುದೆಂದರೆ ನನಗೆ ಜೀವ ಹೋದಂತೆ.

ಒಂದು ಉಪಾಯ ಮಾಡಿದೆ. ನಾನು ಪಾಟಿಯ ಮೇಲೆ ಬರೆಯುವುದು, ನನ್ನ ತರಗತಿಯಲ್ಲೇ ಓದುವ, ಜಮಖಾನ ನೇಯುವ ಜೈನಬಿಯ ಮಗಳು ರೂಬಿನಾ ಅದನ್ನು ಓದಿ ಹೇಳುವುದು. ಮನೆಯಲ್ಲಿ ಮಗ್ಗದ ಬಡಿತವನ್ನು ಮೀರಿಸಿ ಮಾತಾಡಿ ಬೆಳೆದವಳು, ದನಿ ಗಟ್ಟಿ. ಆದರೆ ಹುಡುಗಿ ಪಾಟಿಯಲ್ಲಿದ್ದದ್ದನ್ನಷ್ಟೇ ಓದಲಿಲ್ಲ, ನನ್ನ ಸಿಟ್ಟನ್ನೂ ಸೇರಿಸಿಬಿಟ್ಟಳು. ಸೊಂಟದ ಮೇಲೆ ಕೈ, ಹುಬ್ಬು ಮೇಲಕ್ಕೆ. ಎರಡೇ ದಿನದಲ್ಲಿ ತರಗತಿ ಅವಳಿಗೆ ಹೆದರತೊಡಗಿತು. ನಾನೂ ಒಂದೆರಡು ಸಲ ನೆಟ್ಟಗೆ ಕುಳಿತೆ.

ನನ್ನ ತರಗತಿಗೊಂದು ಕಟ್ಟಳೆಯಿದೆ. ತಡವಾಗಿ ಬಂದವರು ಬಾಗಿಲಲ್ಲಿ ನಿಂತು ಹದಿನೇಳರ ಮಗ್ಗಿ ಹೇಳಿಯೇ ಒಳಗೆ ಬರಬೇಕು. ಸೋಮವಾರ ಹತ್ತಕ್ಕೆ ಬರಬೇಕಾದ ಸಾಹೇಬರು ಹನ್ನೊಂದೂವರೆಗೆ ಬಂದರು. ನಾನು ಎದ್ದು ಕೈಮುಗಿಯುವಷ್ಟರಲ್ಲಿ ರೂಬಿನಾಳ ಕೈ ಸೊಂಟಕ್ಕೆ ಹೋಗಿತ್ತು.

"ಅಲ್ಲೇ ನಿಂದರ್ರಿ. ಈಗ ಎಷ್ಟ ಗಂಟಿ ಆತು? ಹದಿನೇಳರ ಮಗ್ಗಿ ಹೇಳ್ರಿ."

ತಡೆಯೋಣವೆಂದರೆ ನನಗೆ ದನಿಯಿಲ್ಲ. ಹಿಂದೆ ನಿಂತ ಕಾಶಿನಾಥ ಸರ್ ಬೆವರು ಒರೆಸಿಕೊಂಡರು. ಸಾಹೇಬರು ನನ್ನನ್ನು ನೋಡಿದರು, ಹುಡುಗಿಯನ್ನು ನೋಡಿದರು, ಆಮೇಲೆ ಕೈಕಟ್ಟಿ ಶುರು ಮಾಡಿದರು. ಹದಿನೇಳ ಆರ್ಲೆ ನೂರಾ ಎರಡರವರೆಗೆ ಚೆನ್ನಾಗಿಯೇ ಬಂದರು, ಏಳಕ್ಕೆ ತಡವರಿಸಿದರು. ಪಾಪ ಅನ್ನಿಸಿತೋ ಏನೋ, ಇಡೀ ತರಗತಿ ಒಟ್ಟಿಗೆ ನೂರಾ ಹತ್ತೊಂಬತ್ತು ಎಂದು ಹೇಳಿಕೊಟ್ಟಿತು.

ಸಾಹೇಬರು ನಕ್ಕು ಒಳಗೆ ಬಂದರು. ಒಂದು ತಾಸು ಹಿಂದಿನ ಬೆಂಚಿನ ಮೇಲೆ ಕುಳಿತು ನಾನು ಬರೆಯುವುದು, ರೂಬಿನಾ ಓದುವುದು, ಮಕ್ಕಳು ಉತ್ತರ ಹೇಳುವುದು ಎಲ್ಲವನ್ನೂ ನೋಡಿದರು. ಹೊರಡುವಾಗ ಕಾಶಿನಾಥ ಸರ್‌ಗೆ ಹೇಳಿದರು.

"ಇವರನ್ನ ಎಲ್ಲೂ ಕಳಸಬ್ಯಾಡ್ರಿ."

ನನ್ನ ಕಣ್ಣು ತುಂಬಿಬಂತು. ಹತ್ತೊಂಬತ್ತು ವರ್ಷ ಬಾಯಿಗೆ ಬಂದದ್ದೆಲ್ಲ ಅಂದಿದ್ದೇನೆ, ಮಕ್ಕಳ ಋಣ ನನ್ನ ಮೇಲಿದೆ ಎಂಬ ಮಾತನ್ನು ಮಾತ್ರ ಒಮ್ಮೆಯೂ ಆಡಿರಲಿಲ್ಲ. ಪಾಟಿ ಎಳೆದುಕೊಂಡು ಎರಡು ಸಾಲು ಬರೆದು ರೂಬಿನಾಳ ಕೈಗೆ ಕೊಟ್ಟೆ. ಅವಳು ಸೊಂಟದ ಮೇಲೆ ಕೈಯಿಟ್ಟು, ಹುಬ್ಬೇರಿಸಿ, ಕಿಟಕಿ ನಡುಗುವಂತೆ ಒದರಿದಳು.

"ನಿಮ್ಮಿಂದನ ನಾ ಇಲ್ಲಿ ಉಳದೀನಿ. ನಿಮ್ಮ ಉಪಕಾರ ಎಂದೂ ಮರಿಯೂದಿಲ್ಲ."

ಇಡೀ ತರಗತಿ ಎದ್ದು ನಿಂತು ಕಿವಿ ಹಿಡಿದುಕೊಂಡಿತು.

"ತಪ್ಪಾತ್ರಿ ಅಕ್ಕಾರ."